ಮಾವ ಕಟ್ಟಿದ ಗಿರಣಿ ಊರು, ಅಳಿಯನ ಹೆಸರು

ನಾನು: ಮಾವ, ತಾವು ಬೆಳಿಗ್ಗೆ ಹಾಕಿದ ಫಾರ್ವರ್ಡ್ ಓದಿದೆ. ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್ ಎಂಬ ಗಿರಣಿ ಊರನ್ನು ರಾಬರ್ಟ್ ಓವೆನ್ ಕಟ್ಟಿದನೆಂದೂ ಅಲ್ಲಿ ಮಕ್ಕಳನ್ನು ದುಡಿಸಲೇ ಇಲ್ಲವೆಂದೂ ಅದರಲ್ಲಿದೆ. ಎರಡೂ ಸರಿಯಲ್ಲ. ಕ್ಲೈಡ್ ನದಿಯ ಜಲಪಾತದ ಬಲದಿಂದ ಹತ್ತಿ ನೂಲು ತೆಗೆಯಲೆಂದು 1785ರಲ್ಲಿ ಆ ಊರನ್ನು ಆರಂಭಿಸಿದವನು ಗ್ಲಾಸ್ಗೋದ ವರ್ತಕ ಡೇವಿಡ್ ಡೇಲ್. ಓವೆನ್ ಅವನ ಮಗಳನ್ನು ಮದುವೆಯಾಗಿ, 1800ರಲ್ಲಿ ಆಡಳಿತ ವಹಿಸಿಕೊಂಡವನು. ಮಾವನ ಆಸ್ತಿಯನ್ನು ಅಳಿಯನ ಹೆಸರಿಗೆ ಖಾತೆ ಮಾಡಿಕೊಟ್ಟಿದೆ ಈ ಬರಹ (ನಾನು ಹಾಗೆ ಕೇಳುವವನಲ್ಲ, ತಾವು ಗಾಬರಿಯಾಗಬೇಡಿ). ಡೇಲನ ಕಾಲದಲ್ಲಿ ಅಲ್ಲಿ ದುಡಿಯುತ್ತಿದ್ದ ಸಾವಿರಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಮಕ್ಕಳು. ಅವರಲ್ಲಿ ಅನೇಕರು ಎಡಿನ್‌ಬರೊ, ಗ್ಲಾಸ್ಗೋಗಳಿಂದ ಕರೆತಂದ ಅನಾಥರು. ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗೆ ಗಿರಣಿಯಲ್ಲಿದ್ದು, ಆಮೇಲೆ ತೂಕಡಿಸುತ್ತ ಅಕ್ಷರ ಕಲಿಯಬೇಕಾಗಿತ್ತು.

ಮಾವ: ಆ ಅನಾಥರಿಗೆ ಊಟ, ಬಟ್ಟೆ, ವಸತಿ ಕೊಟ್ಟವನೂ ಡೇಲನೇ ಎಂಬುದನ್ನು ನೀವು ಬಿಟ್ಟಿರಿ. ಅದಿರಲಿ, ಅನಾಥ ಮಕ್ಕಳನ್ನು ತರಿಸುವುದನ್ನು ನಿಲ್ಲಿಸಿ, ಹತ್ತು ವರ್ಷದೊಳಗಿನವರಿಗೆ ಕೆಲಸ ಕೊಡದೆ, 1816ರಲ್ಲಿ ಚಿಕ್ಕ ಮಕ್ಕಳ ಶಾಲೆ ತೆರೆದವನು ಓವೆನ್ ತಾನೆ? ಅಮೆರಿಕದ ಹತ್ತಿ ಬರುವುದು ನಿಂತು ಗಿರಣಿ ನಾಲ್ಕು ತಿಂಗಳು ಸ್ತಬ್ಧವಾದಾಗಲೂ ಅವನು ಪೂರ್ತಿ ಕೂಲಿ ಕೊಟ್ಟ. ಗಿರಣಿ ಕಟ್ಟಡ ಕಟ್ಟಿದವನಿಗಿಂತ ಅದರೊಳಗಿನ ಬದುಕನ್ನು ಕಟ್ಟಿದವನೇ ಊರಿನ ಕರ್ತೃ ಎನ್ನುವುದರಲ್ಲಿ ತಪ್ಪೇನಿದೆ?

ಚಿಕ್ಕತ್ತೆ: ಗೋಕಾಕ ಫಾಲ್ಸಿನ ಗಿರಣಿ ಕಂಡವರಿಗೆ ಜಲಪಾತದ ಮಗ್ಗುಲಿನ ನೂಲು ಹೊಸದಲ್ಲ. ಆದರೆ ಓವೆನ್ನನ ಗಿರಣಿಯಲ್ಲಿ ಪ್ರತಿ ಕೆಲಸಗಾರನ ಪಕ್ಕದಲ್ಲಿ ನಾಲ್ಕು ಬಣ್ಣದ ಮರದ ತುಂಡೊಂದು ತೂಗುತ್ತಿತ್ತು. ಹಿಂದಿನ ದಿನದ ನಡತೆ ಕೆಟ್ಟದ್ದಾದರೆ ಕಪ್ಪು ಮುಖ, ಸಾಧಾರಣವಾದರೆ ನೀಲಿ, ಒಳ್ಳೆಯದಾದರೆ ಹಳದಿ, ಅತ್ಯುತ್ತಮವಾದರೆ ಬಿಳಿ ಮುಖ ಹೊರಗೆ. ಬೈಯದೆ, ಹೊಡೆಯದೆ ಕೆಲಸ ತೆಗೆದನೆಂದು ಹೊಗಳುತ್ತಾರೆ. ಹತ್ತು ಜನರೆದುರು ದಿನವೂ ಕಪ್ಪು ಮುಖ ತೂಗುವುದು ಬೈಗುಳಕ್ಕಿಂತ ಕಡಿಮೆ ಎಂದು ನನಗನ್ನಿಸುವುದಿಲ್ಲ.

ನಾನು: ಅತ್ತೆ ಹೇಳಿದ್ದು ನಿಜ. ಆದರೂ ಅವನ ಅಂಗಡಿಯನ್ನು ನಾನು ಮೆಚ್ಚುತ್ತೇನೆ: ಸಾಮಾನನ್ನು ಸಗಟಾಗಿ ಕೊಂಡು ಕಡಿಮೆ ಬೆಲೆಗೆ ಮಾರಿ, ಉಳಿದ ಲಾಭವನ್ನು ಶಾಲೆಗೆ ಹಾಕಿದ. ನನ್ನ ಆಕ್ಷೇಪ ಬೇರೆ. ನಿಂತುಹೋಯಿತೆಂದು ಮಾವ ಹೇಳಿದ ಅಮೆರಿಕದ ಹತ್ತಿಯನ್ನು ಬೆಳೆದವರು ಗುಲಾಮರು. ಗ್ಲಾಸ್ಗೋದಲ್ಲಿ ಗುಲಾಮರ ವ್ಯಾಪಾರದ ವಿರುದ್ಧದ ಸಂಘಕ್ಕೆ ಅಧ್ಯಕ್ಷನಾಗಿದ್ದ ಡೇಲನ ಗಿರಣಿಯೂ ಅಂಥ ಹತ್ತಿಯಿಂದಲೇ ನಡೆಯಿತು. ಇದರ ಬಗ್ಗೆ ಫಾರ್ವರ್ಡಿನಲ್ಲಿ ಒಂದು ಸಾಲೂ ಇಲ್ಲ. ಇನ್ನು ಹತ್ತು ತುಂಬಿದ ಮಕ್ಕಳು ಓವೆನ್ನನ ಕಾಲದಲ್ಲೂ ದುಡಿದರು. ದೇಶಕ್ಕೆಲ್ಲ ಕಾನೂನು ಬೇಕೆಂದು ಅವನು ಹೋರಾಡಿದ್ದು ದೊಡ್ಡದೇ, ಆದರೆ 1819ರ ಕಾಯ್ದೆ ದುಡಿಮೆಯ ಕನಿಷ್ಠ ವಯಸ್ಸನ್ನು ಒಂಬತ್ತಕ್ಕೇ ಇಳಿಸಿ, ಹತ್ತಿ ಗಿರಣಿಗಳಿಗಷ್ಟೇ ಅನ್ವಯಿಸಿತು.

ಮಾವ: ಡೇಲನ ಹೆಸರನ್ನೂ ಹತ್ತಿಯ ವಿಷಯವನ್ನೂ ಸೇರಿಸಿ ಮತ್ತೆ ಕಳಿಸುತ್ತೇನೆ. ಓವೆನ್ನನ ಹೆಸರನ್ನು ಮಾತ್ರ ಕೆಳಗಿಳಿಸುವುದಿಲ್ಲ. ಆ ಊರು 2001ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದರಲ್ಲಿ ಅವನ ಶಾಲೆಯ ಪಾಲು ದೊಡ್ಡದು.