ಸಹಾಯ ಬೇಕು: 'ಎಡಗೈ ಮದುವೆ'ಗೆ ಕನ್ನಡ ಪದ

ಎಲ್ಲರಿಗೂ ನಮಸ್ಕಾರ. ಜರ್ಮನಿಯ ಹೈಡೆಲ್‌ಬರ್ಗ್‌ನ ರಾಜಕುಮಾರಿ ಲೀಸೆಲೊಟ್ಟೆಯ ಪತ್ರಗಳ ಬಗ್ಗೆ ಲೇಖನ ಬರೆಯುತ್ತಿದ್ದೇನೆ, ಒಂದು ಪದಕ್ಕೆ ಸಿಕ್ಕಿಬಿದ್ದಿದ್ದೇನೆ.

1671ರಲ್ಲಿ, 19ನೇ ವಯಸ್ಸಿಗೆ, ಅಪ್ಪ ಅವಳನ್ನು ಫ್ರಾನ್ಸಿನ ದೊರೆ 14ನೇ ಲೂಯಿಯ ತಮ್ಮ ಫಿಲಿಪ್‌ಗೆ ಕೊಟ್ಟ. ಅದಕ್ಕಾಗಿ ಅವಳು ಮತವನ್ನೂ ಬಿಡಬೇಕಾಯಿತು. ಸಂಬಂಧ ಬೆಳೆಸಿದರೆ ನಾಡು ಉಳಿದೀತು ಎಂಬುದು ಅಪ್ಪನ ಲೆಕ್ಕ. ಆದದ್ದೇ ಬೇರೆ. ಅವಳ ಅಣ್ಣ ಮಕ್ಕಳಿಲ್ಲದೆ ತೀರಿಕೊಂಡಾಗ ಲೂಯಿ ಇವಳ ಹೆಸರಲ್ಲೇ ಆ ನಾಡಿನ ಮೇಲೆ ಹಕ್ಕು ಸಾಧಿಸಿದ. 1689ರಲ್ಲಿ ಅವನ ಸೈನ್ಯ ಅವಳ ತವರನ್ನೇ ಸುಟ್ಟಿತು. ಕಣ್ಣು ಮುಚ್ಚಿದರೆ ಹಾಳುಬಿದ್ದ ಹೈಡೆಲ್‌ಬರ್ಗ್ ಕಾಣುತ್ತದೆ ಎಂದು ಸೋದರತ್ತೆ ಸೋಫಿಗೆ ಬರೆದಳು. ಚಿಕ್ಕಂದಿನಲ್ಲಿ ನಾಲ್ಕು ವರ್ಷ ಸಾಕಿದ ಅತ್ತೆ ಅದು. ಆ ಪತ್ರ ಓದಿದಾಗ ನನಗೆ ಗಂಟಲು ಕಟ್ಟಿತು.

ಈಗ ಪ್ರಶ್ನೆ. ಅವಳ ಅಪ್ಪ ಕಾರ್ಲ್ ಲುಡ್ವಿಗ್ ಹೆಂಡತಿ ಬದುಕಿರುವಾಗಲೇ ಲೂಯಿಸ್ ಫಾನ್ ಡೆಗೆನ್‌ಫೆಲ್ಡ್ ಎಂಬಾಕೆಯನ್ನು ಮದುವೆಯಾದ. ಆ ಮಕ್ಕಳಿಗೆ ಬಿರುದು ಸಿಕ್ಕಿತು, ಪಟ್ಟದ ಹಕ್ಕು ಸಿಗಲಿಲ್ಲ. ಅಂಥ ಮದುವೆಗೆ ಜರ್ಮನ್ನರು 'ಎಡಗೈ ಮದುವೆ' ಅನ್ನುತ್ತಾರೆ. 'ಉಪಪತ್ನಿ' ಅಂದರೆ ತಪ್ಪಾಗುತ್ತದೆ, ಮದುವೆ ಆಗಿತ್ತಲ್ಲ! 'ಕೂಡಿಕೆ' ಅನ್ನಲೂ ಮನಸ್ಸು ಒಪ್ಪುತ್ತಿಲ್ಲ. ನಮ್ಮ ಶಾಸನಗಳಲ್ಲೋ ಹಳೆಯ ಅರಮನೆ ಕಡತಗಳಲ್ಲೋ ಹೊಂದುವ ಪದ ಕಂಡವರು ದಯವಿಟ್ಟು ತಿಳಿಸಿ. ಎಲ್ಲಿ ಕಂಡಿರಿ ಅನ್ನುವುದನ್ನೂ ಹೇಳಿದರೆ ದೊಡ್ಡ ಉಪಕಾರ.