ವಿಟ್ನಿಯ ಮಿಲ್‌ಟ್ಯಾಂಕ್ ಸೋಲಿಸೋದು ಹೇಗೆ?

ತುಮಕೂರು ಹುಡುಗ: ಪೋಕೆಮಾನ್ ಹಾರ್ಟ್‌ಗೋಲ್ಡ್ ವಿಡಿಯೋ ಗೇಮ್ ಆಡುತ್ತಿದ್ದೇನೆ. ಗೋಲ್ಡನ್‌ರಾಡ್ ಊರಿನ ಜಿಮ್‌ನಲ್ಲಿ ಲೀಡರ್ ವಿಟ್ನಿಯ ಹಸುವಿನಂಥ ಪೋಕೆಮಾನ್ ಮಿಲ್‌ಟ್ಯಾಂಕ್ ರೋಲ್‌ಔಟ್ (ಉರುಳಿ ಬಂದು ಹೊಡೆಯೋ ಏಟು) ಶುರು ಮಾಡಿದರೆ ದೇವರಾಯನದುರ್ಗದಿಂದ ಬಂಡೆ ಉರುಳಿದ ಹಾಗೆ, ಇಡೀ ಟೀಮ್ ಖಾಲಿ. ಅದರ ಶಕ್ತಿ ಅರ್ಧ ಇಳಿಸಿದರೂ ಮಿಲ್ಕ್ ಡ್ರಿಂಕ್ ಕುಡಿದು ಮತ್ತೆ ಎದ್ದು ನಿಲ್ಲುತ್ತೆ. ಏನು ಮಾಡಲಿ?

ಶಿರಾ ಗೇಟ್: ಗುರೂ, ಅದೇ ಊರಿನ ಡಿಪಾರ್ಟ್‌ಮೆಂಟ್ ಸ್ಟೋರ್‌ನ 5ನೇ ಮಹಡಿಗೆ ಹೋಗು. ಅಲ್ಲಿ ಡ್ರೌಝಿ ಅನ್ನೋ ಪೋಕೆಮಾನ್ ಕೊಟ್ಟರೆ ಬದಲಿಗೆ ಫೈಟಿಂಗ್ ಟೈಪ್‌ನ ಮಚಾಪ್ ಸಿಗುತ್ತೆ. ಅದೂ ಮಿಲ್‌ಟ್ಯಾಂಕ್ ಥರ ಹೆಣ್ಣು, ಹಾಗಾಗಿ ಮರುಳು ಮಾಡೋ ಅಟ್ರಾಕ್ಟ್ ನಾಟಲ್ಲ. ಮಚಾಪ್‌ನ ಲೋ ಕಿಕ್ ಏಟು ಮಿಲ್‌ಟ್ಯಾಂಕ್‌ಗೆ ಎರಡು ಪಟ್ಟು ಬೀಳುತ್ತೆ, ರೋಲ್‌ಔಟ್ ಮಚಾಪ್‌ಗೆ ಅರ್ಧವೇ ತಾಗುತ್ತೆ.

ತಿಪಟೂರು ತೆಂಗು: ಕಲ್ಲಿನ ಪೋಕೆಮಾನ್ ಜಿಯೋಡ್ಯೂಡ್ ಕೂಡ ಚೆನ್ನಾಗಿ ತಡೆಯುತ್ತೆ. ರೋಲ್‌ಔಟ್ ಪ್ರತಿ ಏಟಿಗೂ ಡಬಲ್ ಆಗುತ್ತೆ ಅಲ್ವಾ, ಒಂದು ಸಲ ತಪ್ಪಿದರೆ ಮತ್ತೆ ಮೊದಲಿಂದ, ಅದಕ್ಕೇ ಹಕ್ಕಿ ಪೋಕೆಮಾನ್ ಪಿಜಿಯಿಂದ ಸ್ಯಾಂಡ್ ಅಟ್ಯಾಕ್ (ಮರಳು ಎರಚೋದು) ಹಾಕಿಸಿ ಮಿಲ್‌ಟ್ಯಾಂಕ್‌ನ ಗುರಿ ಕೆಡಿಸಿ. ನಿದ್ದೆ ಬರಿಸೋದನ್ನು ಜಾಸ್ತಿ ನಂಬಬೇಡಿ. ಅದರ ಹತ್ತಿರ ನಿದ್ದೆ ಬಿಡಿಸೋ ಲಮ್ ಬೆರ್ರಿ ಹಣ್ಣು ಇದೆ.