ಯುಡಿಐಡಿ ಪಟ್ಟಿಯಿಂದ ಸ್ಯಾಂಪಲ್ ತೆಗೆದರೆ ಸಾಕಾ? ವಿಕಲಚೇತನರ ಮಾನಸಿಕ ಆರೋಗ್ಯ ಸಮೀಕ್ಷೆ, ಹಾಸನ ಜಿಲ್ಲೆ

ಹೇಮಾವತಿ_ಎಂಪಿಎಚ್:
ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಪ್ರಬಂಧಕ್ಕಾಗಿ ಸಕಲೇಶಪುರ, ಅರಸೀಕೆರೆ ತಾಲ್ಲೂಕುಗಳಲ್ಲಿ ಸಮೀಕ್ಷೆ ಮಾಡಬೇಕು. ವಿಷಯ: ವಿಕಲಚೇತನರಿಗೆ ಆರೋಗ್ಯ ಸೇವೆಯಲ್ಲಿ ಆಗುವ ತಾರತಮ್ಯ ಮತ್ತು ಖಿನ್ನತೆ. ಯುಡಿಐಡಿ ಕಾರ್ಡ್ (ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಇರುವ 400 ಜನರನ್ನು ಪಟ್ಟಿಯಿಂದ ಆರಿಸಿ, ಆಶಾ ಕಾರ್ಯಕರ್ತೆಯರಿಂದ ಕನ್ನಡ ಪಿಎಚ್‌ಕ್ಯೂ-9 ಕೇಳಿಸೋಣ ಅಂತ ಇದೆ (ಅದು ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ, ಪ್ರತಿ ಪ್ರಶ್ನೆಗೆ 0ರಿಂದ 3 ಅಂಕ). ಪಟ್ಟಿ ಒಂದೇ ಸಾಕಾ? ಕಿವುಡರನ್ನೂ ಬೌದ್ಧಿಕ ವಿಕಲತೆ ಇರುವವರನ್ನೂ ಬಿಡಲು ಮನಸ್ಸಿಲ್ಲ, ಆದರೆ ಅವರನ್ನು ಹೇಗೆ ಕೇಳಬೇಕೋ ಗೊತ್ತಾಗುತ್ತಿಲ್ಲ. ಎಥಿಕ್ಸ್ ಕಮಿಟಿಗೆ ಅರ್ಜಿ ಹಾಕುವ ಮೊದಲು ತಿಳಿದವರು ದಯವಿಟ್ಟು ಹೇಳಿ.

ಮನೆಮನೆ_ಗಣತಿ:
ಪಟ್ಟಿ ಒಂದೇ ಸಾಕಾಗಲ್ಲ ಮೇಡಂ. ಕಾರ್ಡ್ ಸಿಕ್ಕಿರುವವರು ಅಂದರೆ ಆಸ್ಪತ್ರೆ ತನಕ ಬಂದು ಸರ್ಟಿಫಿಕೇಟ್ ಮಾಡಿಸಿಕೊಂಡವರು. ಎಸ್ಟೇಟ್ ಲೈನ್ ಮನೆಯಲ್ಲಿರುವವರು, ಹಾಸಿಗೆ ಹಿಡಿದವರು, ಮಾನಸಿಕ ಕಾಯಿಲೆಯಿಂದ ವಿಕಲತೆ ಬಂದವರು ಅದರಲ್ಲಿ ಸಿಗುವುದು ಕಡಿಮೆ. ಸೇವೆ ತಲುಪದವರನ್ನು ಸೇವೆ ತಲುಪಿದವರ ಪಟ್ಟಿಯಲ್ಲಿ ಹುಡುಕಿದ ಹಾಗಾಗುತ್ತದೆ.

ಕೆಲವು ಹಳ್ಳಿ ಆರಿಸಿ ಮನೆಮನೆ ಪಟ್ಟಿ ಮಾಡಿ. "ನಿಮ್ಮ ಮನೇಲಿ ಅಂಗವಿಕಲರು ಇದ್ದಾರಾ" ಅಂತ ಕೇಳಬೇಡಿ. ಮದುವೆಗೆ ಬಂದ ಮಗಳಿದ್ದರೆ ಇಲ್ಲ ಅನ್ನುತ್ತಾರೆ, ಅಜ್ಜನ ಮಂದಗಣ್ಣು ವಯಸ್ಸಿನ ಲೆಕ್ಕಕ್ಕೆ ಹೋಗುತ್ತದೆ. ವಾಷಿಂಗ್ಟನ್ ಗ್ರೂಪ್‌ನ ಆರು ಪ್ರಶ್ನೆ (ವಿಕಲತೆ ಗುರುತಿಸಲು ವಿಶ್ವಸಂಸ್ಥೆಯ ತಂಡವೊಂದು ರೂಪಿಸಿದ್ದು) ಬಳಸಿ: ನೋಡುವುದು, ಕೇಳುವುದು, ನಡೆಯುವುದು, ನೆನಪು ಮತ್ತು ಗಮನ, ಸ್ವಂತ ಆರೈಕೆ, ಮಾತುಕತೆ. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರವನ್ನೂ ಓದಿ ಹೇಳಬೇಕು: ತೊಂದರೆ ಇಲ್ಲ, ಸ್ವಲ್ಪ ಇದೆ, ತುಂಬಾ ಇದೆ, ಆಗುವುದೇ ಇಲ್ಲ. ಒಂದರಲ್ಲಾದರೂ "ತುಂಬಾ" ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸೇರಿಸಿ. ಈ ಆರರಲ್ಲಿ ಮಾನಸಿಕ ಕಾಯಿಲೆ ಸರಿಯಾಗಿ ಸಿಗುವುದಿಲ್ಲ, ಅದಕ್ಕೆ ವಿಸ್ತೃತ ಸೆಟ್‌ನ ಆತಂಕ, ಖಿನ್ನತೆಯ ಪ್ರಶ್ನೆಗಳನ್ನು ಜೋಡಿಸಿ.

2011ರ ಜನಗಣತಿಯಲ್ಲಿ ದೇಶದ ವಿಕಲಚೇತನರ ಪ್ರಮಾಣ ಶೇ. 2.21. ಮನೆಗೆ ನಾಲ್ಕು ಜನ ಅಂದುಕೊಂಡರೂ ನೂರು ಮನೆಗೆ ಸುಮಾರು ಒಂಬತ್ತು ಜನ, ಅಂದರೆ 200 ಜನಕ್ಕೆ 2,200 ಮನೆ ಹತ್ತಿ ಇಳಿಯಬೇಕು. ವಾಷಿಂಗ್ಟನ್ ಪ್ರಶ್ನೆಗಳಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು ಸಿಗುತ್ತಾರೆ.

400 ಪೂರ್ತಿ ವಿಕಲಚೇತನರೇ ಆದರೆ ತಾರತಮ್ಯ ಯಾರಿಗೆ ಹೋಲಿಸಿ ಹೇಳುತ್ತೀರಿ? 200 ಅವರು, 200 ಅದೇ ಊರಿನ, ಅದೇ ಲಿಂಗದ, ಐದು ವರ್ಷ ಆಚೀಚೆ ವಯಸ್ಸಿನ ವಿಕಲತೆ ಇಲ್ಲದವರು. ಖಿನ್ನತೆ ಶೇ. 30 ಮತ್ತು ಶೇ. 15 ಅಂದುಕೊಂಡರೆ ಶೇ. 80 ಪವರ್‌ಗೆ (ವ್ಯತ್ಯಾಸ ನಿಜವಾಗಿ ಇದ್ದರೆ ಅದು ಕಾಣುವ ಸಾಧ್ಯತೆ) ಗುಂಪಿಗೆ ಸುಮಾರು 120 ಬೇಕು, ಡಿಸೈನ್ ಎಫೆಕ್ಟ್ (ಒಂದೇ ಊರಿನವರ ಉತ್ತರ ಒಂದೇ ಥರ ಇರುವುದಕ್ಕೆ ಹಾಕುವ ಗುಣಕ) 1.5 ಹಾಕಿದರೆ 180. ಆದರೆ ಈ ಸಂಖ್ಯೆಯಲ್ಲಿ ವಿಕಲತೆಯ ಒಂದೊಂದು ವಿಧಕ್ಕೂ ಬೇರೆ ಬೇರೆ ಶೇಕಡಾವಾರು ಕೊಡಲು ಹೋಗಬೇಡಿ, ನಿಲ್ಲುವುದಿಲ್ಲ. ಸಿಕ್ಕವರಲ್ಲಿ ಯಾರಿಗೆ ಕಾರ್ಡ್ ಇದೆ, ಯಾರಿಗಿಲ್ಲ ಅಂತ ಬರೆದಿಡಿ, ಅದೇ ಒಂದು ಅಧ್ಯಾಯ ಆಗುತ್ತದೆ.

ಕ್ಲಿನಿಕ್_ಸೈಕಾಲಜಿ:
ಪಿಎಚ್‌ಕ್ಯೂ-9ರ ನಿದ್ದೆ, ಸುಸ್ತು, ಊಟ, ನಿಧಾನವಾಗುವುದು, ಈ ನಾಲ್ಕು ಪ್ರಶ್ನೆ ಬೆನ್ನುಹುರಿ ಪೆಟ್ಟಾದವರಿಗೋ ಪಾರ್ಶ್ವವಾಯು ಆದವರಿಗೋ ದೇಹದ ಕಾರಣಕ್ಕೇ ಮೇಲೆ ಹೋಗಬಹುದು. ನಾಲ್ಕಕ್ಕೂ 3 ಬಂದರೆ ಅಲ್ಲಿಗೇ 12, ಖಿನ್ನತೆ ಇರಬಹುದು ಅನ್ನುವ ಕಟ್‌ಆಫ್ ಇರುವುದು 10. ಹಾಗಂತ ಪ್ರಶ್ನೆ ಕಿತ್ತುಹಾಕಬೇಡಿ. ಪ್ರತಿ ಪ್ರಶ್ನೆಯ ಅಂಕ ಬೇರೆ ಬೇರೆ ನಮೂದಿಸಿ, ಮೊದಲ ಎರಡು ಪ್ರಶ್ನೆಗಳ, ಅಂದರೆ ಆಸಕ್ತಿ ಇಲ್ಲದಿರುವುದು ಮತ್ತು ಬೇಜಾರಿನ, ಮೊತ್ತವನ್ನು (3 ಮತ್ತು ಮೇಲೆ) ಪ್ರತ್ಯೇಕ ತೋರಿಸಿ. ಎರಡೂ ಲೆಕ್ಕ ಒಂದೇ ಕಡೆ ವಾಲಿದರೆ ಧೈರ್ಯವಾಗಿ ಬರೆಯಬಹುದು. ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದು ಕಡೆ ಇದೆ: ಕಾಲಿಲ್ಲದವರು ಬೇಜಾರಲ್ಲಿರುವುದು ಸಹಜ ಅಂತ ಚಿಕಿತ್ಸೆಯನ್ನೇ ಕೊಡದಿರುವುದು.

"ಕಳೆದ ಎರಡು ವಾರ" ಅನ್ನುವುದು ಹಳ್ಳಿಯಲ್ಲಿ ಹಿಡಿತಕ್ಕೆ ಸಿಗಲ್ಲ. "ಹಿಂದಿನ ಎರಡು ಸಂತೆಯಿಂದ ಈಚೆಗೆ" ಅಂದರೆ ಸರಿಯಾಗಿ ನೆನಪು ಮಾಡಿಕೊಳ್ಳುತ್ತಾರೆ. ಎರಡೂ ತಾಲ್ಲೂಕು ಒಂದೇ ತಿಂಗಳಲ್ಲಿ ಮುಗಿಸಿ. ಸಕಲೇಶಪುರವನ್ನು ಜುಲೈ ಮಳೆಯಲ್ಲಿ, ಅರಸೀಕೆರೆಯನ್ನು ಜನವರಿಯಲ್ಲಿ ಮಾಡಿದರೆ ಸಿಗುವುದು ಊರಿನ ವ್ಯತ್ಯಾಸವೋ ಕಾಲದ್ದೋ ಹೇಳಲಾಗುವುದಿಲ್ಲ.

ಸನ್ನೆ_ಮಾತು:
ಕಿವುಡರಿಗೆ ಮನೆಯವರನ್ನು ದುಭಾಷಿ ಮಾಡಬೇಡಿ, ದಯವಿಟ್ಟು. ಅತ್ತೆಯ ಮುಂದೆ ಸೊಸೆ "ಬದುಕು ಬೇಡ" ಅಂತ ಸನ್ನೆ ಮಾಡುವುದಿಲ್ಲ. ಭಾರತೀಯ ಸನ್ನೆ ಭಾಷೆಯ ದುಭಾಷಿ ಬೇಕು, ಆದರೆ ಶಾಲೆಗೆ ಹೋಗದವರು ಮನೆಸನ್ನೆಯಲ್ಲೇ ಮಾತಾಡುತ್ತಾರೆ, ಅವರಿಗೆ ಜೊತೆಗೊಬ್ಬ ಕಿವುಡರೇ ಇದ್ದರೆ ಕೆಲಸ ಆಗುತ್ತದೆ. ಉತ್ತರಕ್ಕೆ ನಾಲ್ಕು ಲೋಟದ ಚಿತ್ರ ಇಡಿ: ಖಾಲಿ, ಕಾಲು, ಅರ್ಧ, ತುಂಬಿದ್ದು.

ಬೌದ್ಧಿಕ ವಿಕಲತೆ ಇರುವವರು ಎಲ್ಲದಕ್ಕೂ "ಹೂಂ" ಅನ್ನುವ ಸಾಧ್ಯತೆ ಇದೆ. ಅದೇ ಪ್ರಶ್ನೆ ತಿರುಗಿಸಿ ಕೇಳಿ: "ಬೇಜಾರಾ?" ಆಮೇಲೆ "ಖುಷಿಯಾಗಿದ್ದೀರಾ?" ಎರಡಕ್ಕೂ ಹೂಂ ಬಂದರೆ ಆ ಉತ್ತರ ಎಣಿಸಬೇಡಿ. ತಾಯಿ ಕೊಟ್ಟ ಉತ್ತರ ತಾಯಿಯದ್ದೇ, ಬೇರೆ ಕಾಲಂನಲ್ಲಿ ಹಾಕಿ. ಒಪ್ಪಿಗೆಗೂ ಪೋಷಕರ ಸಹಿ ಒಂದೇ ಸಾಲದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 13ನೇ ಸೆಕ್ಷನ್ ವಿಕಲಚೇತನರಿಗೆ ಎಲ್ಲರಂತೆ ಕಾನೂನು ಸಾಮರ್ಥ್ಯ ಕೊಟ್ಟಿದೆ. ವಿವರಿಸಿದ್ದನ್ನು ಅವರ ಮಾತಲ್ಲೇ ವಾಪಸ್ ಹೇಳಿಸಿ, ಬೇಡ ಅಂದರೆ ಅಲ್ಲಿಗೆ ಬಿಡಿ.

ಆಶಾ, ವಿಆರ್‌ಡಬ್ಲ್ಯೂ (ಊರಿನ ವಿಕಲಚೇತನರ ಪುನರ್ವಸತಿ ಕಾರ್ಯಕರ್ತರು) ಮನೆ ತೋರಿಸಲಿ, ಪ್ರಶ್ನೆ ಕೇಳುವುದು ಬೇಡ. ಅವರು ಅದೇ ಊರಿನವರು. ಪಿಂಚಣಿಗೆ ಸಂಬಂಧಪಟ್ಟವರು ಎದುರಿಗಿದ್ದರೆ ತೊಂದರೆಯನ್ನು ಹೆಚ್ಚಿಗೆ ಹೇಳುವವರೂ ಇರುತ್ತಾರೆ, ಹೆದರಿ ಮುಚ್ಚಿಡುವವರೂ ಇರುತ್ತಾರೆ.

ಹೇಮಾವತಿ_ಎಂಪಿಎಚ್:
ತುಂಬಾ ಉಪಕಾರವಾಯಿತು. ಒಂಬತ್ತನೇ ಪ್ರಶ್ನೆಗೆ, ಅಂದರೆ ಸಾಯುವ ಯೋಚನೆಗೆ, ಹೌದು ಅಂದರೆ ಏನು ಮಾಡಬೇಕು? ಸೇವೆಯ ತಾರತಮ್ಯ ಅಳೆಯಲು ಆಸ್ಪತ್ರೆ ಖರ್ಚು ಕೇಳಿದರೆ ಆಗುತ್ತದಾ?

ಕ್ಲಿನಿಕ್_ಸೈಕಾಲಜಿ:
ಒಂಬತ್ತಕ್ಕೆ 1 ಬಂದರೂ ಫಾರಂ ಪಕ್ಕಕ್ಕಿಟ್ಟು ಆಗಲೇ ಮಾತಾಡಬೇಕು: ಹೇಗೆ ಅಂತ ಯೋಚಿಸಿದ್ದಾರಾ, ಬೆಳೆಗೆ ಹೊಡೆಯುವ ಔಷಧಿ ಮನೆಯಲ್ಲೇ ಇದೆಯಾ. ಅಪಾಯ ಕಂಡರೆ ಒಬ್ಬರನ್ನೇ ಬಿಟ್ಟು ಬರಬೇಡಿ, ಔಷಧಿ ಕೈಗೆ ಸಿಗದಂತೆ ಮಾಡಿಸಿ, ಅಲ್ಲಿಂದಲೇ ಟೆಲಿ ಮಾನಸ್ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) 14416ಕ್ಕೆ ಮಾತಾಡಿಸಿ. ಕಿವುಡರಿಗೆ ಫೋನ್ ಉಪಯೋಗವಿಲ್ಲ, ನೇರ ಮನೋವೈದ್ಯರ ಬಳಿ ಕರೆದೊಯ್ಯುವ ಗಾಡಿ ಖರ್ಚು ಬಜೆಟ್‌ನಲ್ಲೇ ಇರಲಿ. ಹಿಮ್ಸ್ (ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು) ಮನೋವೈದ್ಯ ವಿಭಾಗ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದ ಜೊತೆ ಮೊದಲ ಸಂದರ್ಶನಕ್ಕೂ ಮುಂಚೆ ಮಾತಾಡಿ, ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ.

ಮನೆಮನೆ_ಗಣತಿ:
ಬರೀ ಖರ್ಚು ಕೇಳಿದರೆ ಮೋಸ ಹೋಗುತ್ತೀರಿ. ಆಸ್ಪತ್ರೆಗೇ ಹೋಗದವರ ಖರ್ಚು ಸೊನ್ನೆ, ಹಾಗಾಗಿ ಅತಿ ಕಷ್ಟದಲ್ಲಿರುವವರೇ ಸರಾಸರಿಯಲ್ಲಿ ಆರಾಮಾಗಿರುವಂತೆ ಕಾಣುತ್ತಾರೆ. "ಹೋದ 12 ತಿಂಗಳಲ್ಲಿ ಡಾಕ್ಟರ ಹತ್ತಿರ ಹೋಗಬೇಕಾಗಿದ್ದೂ ಹೋಗಲಿಲ್ಲ ಅನ್ನುವಂಥದ್ದು ಆಯಿತಾ, ಯಾಕೆ?" ಅಂತ ಮೊದಲು ಕೇಳಿ. ಹೋದವರಿಗೆ ಕೊನೆಯ ಭೇಟಿಯದ್ದು ಮಾತ್ರ ಕೇಳಿ: ಎಷ್ಟು ಬಸ್ ಬದಲಿಸಿದರು, ಜೊತೆಗೆ ಬಂದವರ ಕೂಲಿ ಎಷ್ಟು ಹೋಯಿತು, ಪರೀಕ್ಷೆ ಮಾಡುವ ಮಂಚ ಹತ್ತಲು ಆಯಿತಾ, ಡಾಕ್ಟರು ಮಾತಾಡಿದ್ದು ಅವರ ಜೊತೆಗೋ, ಕರೆದುಕೊಂಡು ಬಂದವರ ಜೊತೆಗೋ. ಹೋಲಿಕೆಯ ಗುಂಪಿಗೂ ಇವೇ ಪ್ರಶ್ನೆ, ಒಂದೂ ಬಿಡದೆ.